ಕಂಬಿಗೂ ಬಣ್ಣಕ್ಕೂ ನಡುವೆ

ಬ್ರೇಕು ಹಿಡಿಯಿರಿ, ಎಡಗಾಲು ನೆಲಕ್ಕೂರಿ. ಬೆಂಗಳೂರಿನ ಆರ್‌.ವಿ. ರಸ್ತೆ ಮೆಟ್ರೊ ನಿಲ್ದಾಣ ತಲೆಯ ಮೇಲಿದೆ. ಬೆಳಗಿನ ಎಂಟೂವರೆ ದಾಟಿದೆ, ಬ್ಯಾಗು ಕೂತ ಜಾಗದಲ್ಲಿ ಅಂಗಿ ಬೆನ್ನಿಗೆ ಅಂಟಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದ ಕಡೆಗೆ ಓಡತೊಡಗಿದಾಗಿನಿಂದ ಹಸಿರು ಮಾರ್ಗದವರು ಹಳದಿಗೆ, ಹಳದಿಯವರು ಹಸಿರಿಗೆ ಬದಲಾಗುವುದು ಇಲ್ಲೇ. ಫುಟ್‌ಪಾತಿನ ಅಂಚಿನ ಕಬ್ಬಿಣದ ಕಂಬಿಗೆ ಆಗಲೇ ಸಾಲಾಗಿ ಸೈಕಲ್ಲುಗಳು ಒರಗಿವೆ. ಉಳಿದಿರುವುದು ಎರಡೇ ಜಾಗ.

ಒಂದು ನಡುವೆ, ಇನ್ನೊಂದು ತುದಿಯಲ್ಲಿ. ನಡುವೆ ನಿಲ್ಲಿಸಿದರೆ ಎರಡೂ ಕಡೆಯ ಪೆಡಲ್ಲುಗಳು ನಿಮ್ಮ ಸೈಕಲ್ಲಿನ ಪಕ್ಕೆಗೆ ತಾಗುತ್ತವೆ. ತುದಿಯಲ್ಲಿ ಒಬ್ಬರೇ ನೆರೆಯವರು, ಆದರೆ ಸ್ಕೂಟರಿನವರು ತಿರುಗಿಸಿ ನುಗ್ಗಿಸುವುದೂ ಅಲ್ಲೇ. ಆತುರ ಬೇಡ. ಮೊದಲು ಕಂಬಿಯ ಮೇಲೆ ಅಂಗೈ ಆಡಿಸಿ. ಎದ್ದ ಬಣ್ಣದ ಚಕ್ಕೆ ಬೆರಳಿಗೆ ಚುಚ್ಚುತ್ತದೆ, ತುಕ್ಕಿನ ಪುಡಿ ಕೈಗೆ ಹತ್ತುತ್ತದೆ, ಹಳೆ ಕಬ್ಬಿಣದ ಆ ವಾಸನೆ ಮೂಗಿಗೆ ಬರುತ್ತದೆ. ನಡುವಿನ ಜಾಗದಲ್ಲಿ ಕಡಲೆಕಾಳಿನಷ್ಟು ವೆಲ್ಡಿಂಗ್ ಗಂಟೊಂದು ಕೈಗೆ ತಡೆಯುತ್ತದೆ. ಅದು ನೇರವಾಗಿ ನಿಮ್ಮ ಅಡ್ಡಪೈಪಿನ ಎತ್ತರಕ್ಕೇ ಇದೆ. ತೀರ್ಮಾನ ಮುಗಿಯಿತು: ತುದಿಗೇ ನಡೆಯಿರಿ.

ಅಷ್ಟರಲ್ಲಿ ಕರ್‍ರ್ ಎಂಬ ಸದ್ದು. ಹಲ್ಲು ಜುಮ್ಮೆನ್ನುತ್ತದೆ, ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ. ನಿಮ್ಮ ಸೈಕಲ್ಲಲ್ಲ. ಕಾಲೇಜು ಹುಡುಗನೊಬ್ಬ ತನ್ನ ಸೈಕಲ್ಲನ್ನು ಕಂಬಿಗೆ ಉಜ್ಜಿಕೊಂಡೇ ಒಳಗೆ ತಳ್ಳಿ, ಚೈನು ಸುತ್ತಿ, ಹಿಂತಿರುಗಿ ನೋಡದೆ ಮೆಟ್ಟಿಲು ಹತ್ತಿದ. ಅಡ್ಡಪೈಪಿನ ಮೇಲೆ ಬೆಳ್ಳಗೆ ಹೊಳೆಯುವ ಗೆರೆಯೊಂದು ಉಳಿದಿದೆ.

ಒಂದು ಗೀರಿಗೆ ಇಷ್ಟೊಂದು ಸಂಕಟವೇ? ಉಗುರಿನಿಂದ ನಿಮ್ಮ ಅಡ್ಡಪೈಪಿಗೆ ತಟ್ಟಿ ನೋಡಿ. ಹ್ಯಾಂಡಲ್ಲಿನ ಹತ್ತಿರ ಮಂಕು ಸದ್ದು, ನಡುವೆ ಟಿಂಗ್ ಎಂಬ ನಾದ. ಒಳ್ಳೆಯ ಉಕ್ಕಿನ ಪೈಪು ತುದಿಗಳಲ್ಲಿ ದಪ್ಪ, ನಡುವೆ ತೆಳು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಇಂಥ ಪೈಪಿಗೆ ಪೇಟೆಂಟ್ ಪಡೆದ. ಬೆಸುಗೆ ಬೀಳುವ ತುದಿಗೆ ಬಲ ಬೇಕು, ನಡುವೆ ತೂಕ ಇಳಿಯಬೇಕು ಎಂಬುದು ಅದರ ಲೆಕ್ಕ. ತುದಿಯಲ್ಲಿ 0.9 ಮಿಲಿಮೀಟರು, ನಡುವೆ 0.6 ಇರುವ ಪೈಪುಗಳು ಸಾಮಾನ್ಯ. ನಿಮ್ಮ ಜೇಬಿನ ಎಟಿಎಂ ಕಾರ್ಡು ಆ ನಡುಭಾಗಕ್ಕಿಂತ ದಪ್ಪ. ಮತ್ತು ಕಂಬಿಗೆ ಸೈಕಲ್ಲು ಒರಗುವುದು ನಿಖರವಾಗಿ ಆ ನಡುವಿನಲ್ಲೇ. ಬಣ್ಣ ಹೋದಲ್ಲಿ ತೇವ ಕೂರುತ್ತದೆ, ತುಕ್ಕು ಶುರುವಾಗುತ್ತದೆ. ಉಕ್ಕಿಗಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಪಕ್ಕದ ಗಟ್ಟಿ ಬಣ್ಣವನ್ನೂ ಅಡಿಯಿಂದ ಎಬ್ಬಿಸುತ್ತ ಹೋಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಈ ಕೆಂಪು ತುಕ್ಕಿಲ್ಲ, ನೆಗ್ಗಿನ ಭಯವಿದೆ. ಕಾರ್ಬನ್ ಫ್ರೇಮಿನಲ್ಲಿ ಹೊರಗೆ ಸಣ್ಣ ಗುರುತು ಕಂಡರೂ ಒಳಗಿನ ನಾರಿನ ಪದರ ಬಿಟ್ಟಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ನಿಮ್ಮ ಅಡ್ಡಪೈಪಿಗೆ ಕಪ್ಪು ರಬ್ಬರಿನ ಸುತ್ತು ಇದೆ. ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿದ್ದು.

"ಅಣ್ಣ, ಬಿಸಾಕೋ ಟ್ಯೂಬಿದ್ರೆ ಒಂದು ಕೊಡ್ತೀರಾ?"

"ಪ್ಯಾಚ್ ನಿಲ್ಲಲ್ಲ ಸಾರ್ ಇದು, ಏನ್ಮಾಡ್ತೀರಾ?"

"ಗಾಡಿಗೆ ಹಾಕಲ್ಲ, ಫ್ರೇಮಿಗೆ ಸುತ್ತೋಕೆ."

"ಹಂಗಾದ್ರೆ ವಾಲ್ವು ನಾನೇ ಕತ್ತರಿಸ್ಕೊಡ್ತೀನಿ, ತಗೊಳ್ಳಿ."

ಉದ್ದಕ್ಕೆ ಸೀಳಿದಾಗ ಒಳಗಿನಿಂದ ಬಿಳಿ ಟಾಲ್ಕ್ ಪುಡಿ ಬೆರಳಿಗೆ ಮೆತ್ತಿತ್ತು, ರಬ್ಬರಿನ ಘಾಟು ಮೂಗಿಗೆ ಹೊಡೆದಿತ್ತು. ಎಳೆದು ಎಳೆದು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಕೂರುವಂತೆ ಸುತ್ತಿ, ಎರಡು ತುದಿಗೂ ಎಲೆಕ್ಟ್ರಿಕ್ ಟೇಪು ಬಿಗಿದಿದ್ದೀರಿ. ಸಡಿಲ ಸುತ್ತು ಯಾತಕ್ಕೂ ಬಾರದು. ಫ್ರೇಮಿನ ಮೇಲೆ ಜಾರಾಡುವ ರಬ್ಬರು ತಾನೇ ಉಜ್ಜುಕಾಗದದ ಕೆಲಸ ಮಾಡುತ್ತದೆ.

ಏಕೆಂದರೆ ಗೀರು ಎಳೆಯುವುದು ಬರಿಯ ಕಂಬಿಯಲ್ಲ, ನಡುವೆ ಸಿಕ್ಕ ಧೂಳು. ಇಡೀ ಊರಿನಲ್ಲಿ ಕಟ್ಟಡ ಏಳುತ್ತಿದೆ, ಗಾಳಿಯ ತುಂಬ ಎಂ-ಸ್ಯಾಂಡು. ಅದು ಕಲ್ಲು ಪುಡಿ ಮಾಡಿದ ಮರಳು. ಹೊಳೆ ಮರಳಿನ ಹಾಗೆ ನುಣ್ಣಗೆ ಸವೆದಿಲ್ಲ, ಮೂಲೆ ಮೂಲೆ ಚೂಪು. ಇಲ್ಲಿಂದ ಮೂರು ನಿಲ್ದಾಣದಾಚೆ ಲಾಲ್‌ಬಾಗಿನ ಬಂಡೆಯಲ್ಲಿ ಹೊಳೆಯುವ ಸ್ಫಟಿಕಶಿಲೆಯ ಕಣವೇ ಈ ಪುಡಿಯಲ್ಲೂ ಇದೆ. ಸಾಮಾನ್ಯ ಉಕ್ಕಿಗಿಂತ ಗಟ್ಟಿ ಅದು. ನಿಮ್ಮ ಫ್ರೇಮಿನ ಬಣ್ಣ ಅದರ ಮುಂದೆ ನಿಲ್ಲಲಾರದು.

ಅದಕ್ಕೇ ಬಾಟಲಿಯಿಂದ ಬಟ್ಟೆಗೆ ಒಂದಿಷ್ಟು ನೀರು ಹನಿಸಿಕೊಳ್ಳಿ. ರಬ್ಬರಿನ ಮೇಲೊಮ್ಮೆ, ಕಂಬಿಯ ಮೇಲೊಮ್ಮೆ, ಬೀಗದ ಮೇಲೊಮ್ಮೆ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಅಷ್ಟೂ ಪುಡಿ ಸಂಜೆಯವರೆಗೆ ಅಲ್ಲಿ ಕೂತು ಅರೆಯುತ್ತಿತ್ತು.

ಮೇಲೆ ರೈಲಿನ ಸದ್ದು. ಮೆಟ್ಟಿಲಲ್ಲಿ ಹೆಜ್ಜೆಗಳು ಓಡತೊಡಗಿವೆ.

ಯು ಆಕಾರದ ಬೀಗ ಕೈಗೆತ್ತಿಕೊಳ್ಳಿ. ಒಂದು ಕಿಲೋಗೂ ಮೀರಿದ ಉಕ್ಕು, ಮಣಿಕಟ್ಟು ಜಗ್ಗುತ್ತದೆ. ಬೀಳಿಸಿದರೆ ಪೈಪಿಗೆ ನೆಗ್ಗು ಖಂಡಿತ. ಎಡಗೈಯನ್ನು ಫ್ರೇಮಿಗೂ ಬೀಗಕ್ಕೂ ಮಧ್ಯೆ ಇಡಿ, ತಾಗಿದರೆ ನಿಮ್ಮ ಗೆಣ್ಣಿಗೆ ತಾಗಲಿ. ಎಲ್ಲಿಗೆ ಹಾಕುವುದು? ಸೈಕಲ್ಲಿನ ವಿಷಯದಲ್ಲಿ ಜಗತ್ತೇ ಕಿವಿಗೊಡುತ್ತಿದ್ದ ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ 2008ರಲ್ಲಿ ತೀರಿಕೊಂಡರು. ಅವರು ತೋರಿಸಿದ ಜಾಗವೇ ನಿಮ್ಮದೂ: ಸೀಟಿನ ಕೆಳಗಿನ ತ್ರಿಕೋನದ ಒಳಗೆ ಬರುವ ಹಿಂಚಕ್ರದ ರಿಮ್ಮು. ಬೀಗ ಪೈಪನ್ನು ಸುತ್ತಬೇಕಿಲ್ಲ, ಆ ತ್ರಿಕೋನದೊಳಗೆ ಸಿಕ್ಕಿದ ಚಕ್ರ ಹೊರಗೆ ಬರಲಾರದು. ಕಳ್ಳನಿಗೂ ಅಡ್ಡಿ, ಬಣ್ಣಕ್ಕೂ ನೆಮ್ಮದಿ. ಬೀಗ ತಾಗುವುದು ಟೈರಿಗೆ, ಪೈಪಿಗಲ್ಲ.

ಇನ್ನು ಅಲುಗಾಟ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಜನ ಮರೆಯುವುದೂ ಇದನ್ನೇ. ತಾಗಿ ಸುಮ್ಮನೆ ನಿಂತ ಸೈಕಲ್ಲಿಗೆ ಗೀರು ಬೀಳುವುದಿಲ್ಲ, ಜರುಗುವ ಸೈಕಲ್ಲಿಗೆ ಬೀಳುತ್ತದೆ. ಮುಂದಿನ ಬ್ರೇಕಿನ ಹಿಡಿಕೆಯನ್ನು ರಬ್ಬರ್ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿ, ಮುಂಚಕ್ರ ಉರುಳುವುದು ನಿಲ್ಲುತ್ತದೆ. ಅಲುಗಿಸಿ ನೋಡಿ. ಇಲ್ಲ, ಜಗ್ಗುವುದಿಲ್ಲ.

ಎರಡು ಮೆಟ್ಟಿಲು ಹತ್ತಿದ್ದೀರಿ. ಹಿಂದೆ ಸ್ಕೂಟರಿನ ಗುರ್‍ರ್. ತಿರುಗಿ ನೋಡಿದರೆ ಅದರ ಮುಂಚಕ್ರ ನಿಮ್ಮ ಸೈಕಲ್ಲಿನ ಮಗ್ಗುಲಿಗೇ ನುಗ್ಗುತ್ತಿದೆ. ಸ್ಕೂಟರಿನ ಬ್ರೇಕಿನ ಹಿಡಿಕೆ ನಿಮ್ಮ ಪೈಪಿಗೆ ಗೇಣು ದೂರ. ಅರ್ಧ ಗೇಣು. ಕೂಗಲೇ? ಓಡಲೇ? ರೈಲು?

"ಅಣ್ಣ! ಸ್ವಲ್ಪ ಹಿಂದಕ್ಕೆ!"

ಕೂಗು ಯೋಚನೆಗೆ ಮೊದಲೇ ಹೊರಬಿತ್ತು. ಸ್ಕೂಟರು ನಿಂತಿತು. ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣು ನಿಮ್ಮನ್ನು ನೋಡಿ, ಸೈಕಲ್ಲನ್ನು ನೋಡಿ, ಏನೂ ಹೇಳದೆ ಹಿಂದೆ ಸರಿದವು. ರೈಲು ಹೋಯಿತು. ಹೋಗಲಿ, ಇನ್ನೊಂದು ಬರುತ್ತದೆ.

ಸಂಜೆ ಏಳು. ಮಧ್ಯಾಹ್ನ ಮಳೆ ಸುರಿದು ನಿಂತಿದೆ, ಕಂಬಿ ತೊಟ್ಟಿಕ್ಕುತ್ತಿದೆ. ಮೊಬೈಲಿನ ಬೆಳಕು ಹಾಯಿಸಿ. ಅಡ್ಡಪೈಪಿನ ರಬ್ಬರಿನ ಮೇಲೆ ಬೆರಳುದ್ದದ ಸೀಳು. ಯಾರದೋ ಪೆಡಲ್ಲು ಗೀರಿದ್ದು. ಟೇಪು ಬಿಡಿಸುವಾಗ ಕೈ ನಡುಗುತ್ತದೆ. ಸುತ್ತು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ... ಅಡಿಯ ನೀಲಿ ಬಣ್ಣ ಹಾಗೇ ಇದೆ. ಉಸಿರು ಹೊರಗೆ ಬಂತು.

ಆದರೆ ಅಲ್ಲಿ ನೀರೂ ಇದೆ. ರಬ್ಬರು ಕಾಪಾಡುವಷ್ಟೇ ಬಿಗಿಯಾಗಿ ತೇವವನ್ನೂ ಹಿಡಿದಿಡುತ್ತದೆ. ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ, ಪೈಪು ಒರೆಸಿ, ಒಣಗಿಸಿ ಮತ್ತೆ ಸುತ್ತಬೇಕು. ಇಲ್ಲವಾದರೆ ನೀವೇ ತುಕ್ಕಿಗೆ ಮನೆ ಕಟ್ಟಿಕೊಟ್ಟಂತೆ.

ಬೆಳಕು ಹಿಂದಕ್ಕೆ ಸರಿಸಿ. ಸೀಟಿನಿಂದ ಹಿಂಚಕ್ರಕ್ಕೆ ಇಳಿಯುವ ಸಣ್ಣ ಪೈಪಿನ ಮೇಲೆ, ರಬ್ಬರು ಇಲ್ಲದ ಕಡೆ, ಎಳ್ಳುಕಾಳಿನಷ್ಟು ಬರಿ ಲೋಹ ಹೊಳೆಯುತ್ತಿದೆ. ಬೆರಳ ತುದಿಗೆ ಅದರ ಅಂಚು ತಿಳಿಯುತ್ತದೆ. ಮನೆಗೆ ಹೋದ ಕೂಡಲೇ ನುಣ್ಣನೆಯ ಉಜ್ಜುಕಾಗದದಿಂದ ಆ ಚುಕ್ಕಿಯನ್ನಷ್ಟೇ ತೀಡಿ, ಸ್ಪಿರಿಟ್ಟಿನಲ್ಲಿ ಒರೆಸಿ. ನೀಲಿ ನೇಲ್ ಪಾಲಿಶು ಸಾಕು. ತೆಳುವಾಗಿ ಒಂದು ಲೇಪ, ಒಣಗಿದ ಮೇಲೆ ಇನ್ನೊಂದು. ಮಾರನೆಯ ದಿನ ಅದರ ಮೇಲೆ ಪಾರದರ್ಶಕ ಪಾಲಿಯುರೆಥೇನ್ ಪಟ್ಟಿ ಅಂಟಿಸಿ. ಹೆಲಿಕಾಪ್ಟರಿನ ರೆಕ್ಕೆಯ ಅಂಚು ಮರಳಿಗೆ ಸವೆಯದಿರಲಿ ಎಂದು ಬಳಸುವ ಬಗೆಯದು, ಸೈಕಲ್ಲಿನವರು ಹೆಲಿಕಾಪ್ಟರ್ ಟೇಪು ಎಂದೇ ಕೇಳಿ ಕೊಳ್ಳುತ್ತಾರೆ. ಮೂಲೆಗಳನ್ನು ದುಂಡಗೆ ಕತ್ತರಿಸಿಕೊಳ್ಳಿ, ಚೂಪು ಮೂಲೆ ಮೊದಲು ಏಳುತ್ತದೆ. ಹೆಬ್ಬೆರಳಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಯನ್ನೆಲ್ಲ ಹೊರಗೆ ಹಾಕಿ.