ಶಾಸ್ತ್ರವೂ ಹೆಜ್ಜೆಯೂ

ನಿವೃತ್ತನಾದ ಉಪಾಧ್ಯಾಯನಿಗೆ ಸಂಜೆಯ ಹೊತ್ತನ್ನು ಕಳೆಯುವುದೇ ಒಂದು ಸಮಸ್ಯೆ. ಬೆಳಗ್ಗೆ ಪತ್ರಿಕೆಯುಂಟು, ಪೂಜೆಯುಂಟು, ತರಕಾರಿ ತರುವ ಕೆಲಸವುಂಟು. ಆದರೆ ನಾಲ್ಕು ಗಂಟೆಯಾಯಿತೆಂದರೆ, ಮೂವತ್ತೈದು ವರ್ಷ ಶಾಲೆಯ ಕೊನೆಯ ಗಂಟೆಯನ್ನು ಕೇಳಿ ಅಭ್ಯಾಸವಾದ ಕಿವಿ ಸುಮ್ಮನಿರಲೊಲ್ಲದು. ನನ್ನ ಈ ಕಷ್ಟವನ್ನು ಕಂಡೇ ಇರಬೇಕು, ನಮ್ಮ ಬೀದಿಯ ಭರತನಾಟ್ಯದ ಅಧ್ಯಾಪಿಕೆಯೊಬ್ಬರು ಕಳೆದ ವರ್ಷ ಬಂದು, ವಿದ್ವತ್ ಪರೀಕ್ಷೆಗೆ ಕುಳಿತುಕೊಳ್ಳಲಿರುವ ತಮ್ಮ ನಾಲ್ವರು ಶಿಷ್ಯೆಯರಿಗೆ ಅಭಿನಯದರ್ಪಣದ ಶ್ಲೋಕಗಳನ್ನು ಅರ್ಥಸಹಿತವಾಗಿ ಹೇಳಿಕೊಡಬೇಕೆಂದು ಕೇಳಿದರು. ಕುಣಿತದ ಗಂಧವೂ ನನಗಿಲ್ಲ. ಆದರೆ ಸಂಸ್ಕೃತವೆಂದ ಮೇಲೆ ಒಲ್ಲೆನೆನ್ನಲು ಮನಸ್ಸು ಬರಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ ಪಾಠ ಆರಂಭವಾಯಿತು.

ಒಂದು ದಿನ ಅಸಂಯುತ ಹಸ್ತಗಳ ಪಾಠ. 28 ಹಸ್ತಗಳ ಹೆಸರನ್ನು ಉಸಿರು ಕಟ್ಟದೆ ಒಪ್ಪಿಸಿ, ಒಂದೊಂದರ ವಿನಿಯೋಗವನ್ನೂ ವಿವರಿಸಿದೆನು. ಆಗ ಕಿರಿಯವಳೊಬ್ಬಳು, “ಮೇಷ್ಟ್ರೇ, ಶುಕತುಂಡವನ್ನು ಒಮ್ಮೆ ಹಿಡಿದು ತೋರಿಸಿ” ಎಂದಳು. ತರ್ಜನಿಯೂ ಅನಾಮಿಕೆಯೂ ಬಾಗಬೇಕು, ಮಿಕ್ಕವು ನೆಟ್ಟಗಿರಬೇಕು; ಲಕ್ಷಣ ಬಾಯಲ್ಲಿತ್ತು, ಬೆರಳುಗಳು ಮಾತ್ರ ಕೇಳಲಿಲ್ಲ. ಸೀಮೆಸುಣ್ಣ ಹಿಡಿದು ಹಿಡಿದು ಬಿಗಿದುಹೋಗಿದ್ದ ಆ ಬೆರಳುಗಳನ್ನು ಹುಡುಗಿ ನಗುತ್ತ ಒಂದೊಂದಾಗಿ ಬಗ್ಗಿಸಿ ಸರಿಪಡಿಸಿದಳು.

ನನ್ನ ಸೋಲನ್ನು ಮರೆಸಲು ನಾನು, “ಶಾಸ್ತ್ರ ಓದುವವರು ಬೇರೆ, ಹೆಜ್ಜೆ ಹಾಕುವವರು ಬೇರೆ, ಎರಡನ್ನೂ ಒಬ್ಬರಲ್ಲೇ ಕೂಡಿಸುವುದು ಬ್ರಹ್ಮನಿಗೂ ಕಷ್ಟ” ಎಂದೆನು. ಕಾಲೇಜಿನಲ್ಲಿ ಓದುತ್ತಿರುವ ಹಿರಿಯವಳು ಒಪ್ಪಲಿಲ್ಲ. “ಅಂಥವರೊಬ್ಬರು ಅಮೆರಿಕದಲ್ಲಿದ್ದರು ಮೇಷ್ಟ್ರೇ, ನೋಡಿ” ಎಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು.

1943ರಲ್ಲಿ ತೆರೆಕಂಡ ‘ಸ್ಟಾರ್ಮಿ ವೆದರ್’ ಎಂಬ ಚಲಚ್ಚಿತ್ರದ ತುಣುಕು ಅದು. ಹೊರಗೆ ಮಳೆ, ಕಿಟಕಿಯ ಬಳಿ ನಿಂತ ಗಾಯಕಿಯೊಬ್ಬಳು ವಿರಹವನ್ನು ಹಾಡುತ್ತಿದ್ದಾಳೆ. ನೋಡನೋಡುತ್ತ ಬೀದಿ ಮರೆಯಾಗಿ ಕನಸಿನಂಥ ರಂಗವೊಂದು ತೆರೆಯುತ್ತದೆ. ಅಲ್ಲಿ ಒಂದು ನೃತ್ಯಮಂಡಲಿ, ಅದರ ನಡುವೆ ಒಬ್ಬ ಸ್ತ್ರೀ. ಗಾಯಕಿ ಲೀನಾ ಹಾರ್ನ್. ನರ್ತಕಿ ಕ್ಯಾಥರೀನ್ ಡನ್‌ಹ್ಯಾಮ್. ಆ ಕಪ್ಪು ವರ್ಣದ ಕಾಯವು ಒಂದು ಕ್ಷಣ ಅಲೆ, ಮರುಕ್ಷಣ ಜ್ವಾಲೆ. ಆಕೆ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರವನ್ನು ಓದಿ ಪದವಿ ಪಡೆದವಳೆಂದೂ ಗ್ರಂಥಕರ್ತ್ರಿಯೆಂದೂ ಆ ಹುಡುಗಿ ಹೇಳಿದಾಗ ನನ್ನ ಕುತೂಹಲ ಕೆರಳಿತು. ಮುಂದೆ ಒಂದು ತಿಂಗಳು ಆಕೆಯ ವಿಷಯವನ್ನೇ ಹುಡುಕಿ ಓದಿದೆನು. ಓದಿದ್ದನ್ನು ನಾಲ್ಕು ಜನರಿಗೆ ಹೇಳುವುದು ನನ್ನ ಹಳೆಯ ಚಟ, ವಾಚಕರು ಸಹಿಸಿಕೊಳ್ಳಬೇಕು.

ಕ್ಯಾಥರೀನ್ ಹುಟ್ಟಿದ್ದು 1909ನೆಯ ಇಸವಿಯ ಜೂನ್ ತಿಂಗಳಲ್ಲಿ, ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ. ತಂದೆ ಬಟ್ಟೆ ಹೊಲಿಯುವ ಕಸುಬಿನವನು; ಮುಂದೆ ಜೋಲಿಯೆಟ್ ಎಂಬ ಊರಿನಲ್ಲಿ ಬಟ್ಟೆ ಶುಭ್ರಮಾಡುವ ಅಂಗಡಿಯಿಟ್ಟವನು. ತಾಯಿ ಮಗುವಿನ ಎಳೆತನದಲ್ಲೇ ತೀರಿಹೋದಳು. ವಿದ್ಯಾವಂತನಾದ ಅಣ್ಣನನ್ನು ಹಿಂಬಾಲಿಸಿ ಆಕೆ ಶಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದಳು. ಓದುತ್ತಲೇ ನೃತ್ಯವನ್ನೂ ಕಲಿತಳು, ಕಲಿಸಿದಳು. ಅಲ್ಲಿ ರಾಬರ್ಟ್ ರೆಡ್‌ಫೀಲ್ಡ್ ಎಂಬ ಆಚಾರ್ಯರ ಉಪನ್ಯಾಸವೊಂದು ಆಕೆಯ ಬಾಳಿನ ದಿಕ್ಕನ್ನೇ ತಿರುಗಿಸಿತು. ಗುಲಾಮರಾಗಿ ಹಡಗಿನಲ್ಲಿ ಬಂದ ಆಫ್ರಿಕದ ಜನರು ಬರಿಗೈಯಲ್ಲಿ ಬರಲಿಲ್ಲ. ಅಮೆರಿಕದ ಕಪ್ಪುಜನರ ನಡೆನುಡಿಗಳಲ್ಲಿ, ವಿನೋದದ ಕುಣಿತಗಳಲ್ಲಿ ಆ ಪೂರ್ವದೇಶದ ಸಂಸ್ಕಾರವು ಇನ್ನೂ ಉಳಿದಿದೆ ಎಂಬುದು ಅದರ ತಾತ್ಪರ್ಯ. ಹಾಗಾದರೆ ಆ ಬೇರನ್ನು ಹುಡುಕಬೇಕೆಂದು ಕ್ಯಾಥರೀನ್ ನಿಶ್ಚಯಿಸಿದಳು.

ಹುಡುಕಲು ಹಣ ಬೇಕಲ್ಲ! ರೋಸೆನ್‌ವಾಲ್ಡ್ ನಿಧಿಯವರ ಮುಂದೆ ಹೋಗಿ ನಿಂತಳು. ಏನು ಮಾಡಬೇಕೆಂದಿರುವೆ ಎಂದು ಅವರು ಕೇಳಿದ್ದಕ್ಕೆ ಆಕೆ ಮಾತಿನಲ್ಲಿ ಮಾತ್ರ ಉತ್ತರಿಸಲಿಲ್ಲವಂತೆ; ಮೇಲಂಗಿಯನ್ನು ತೆಗೆದಿಟ್ಟು, ಯೂರೋಪಿನ ಬ್ಯಾಲೆಯನ್ನೂ ಆಫ್ರಿಕದ ಮಾದರಿಯ ಕುಣಿತವನ್ನೂ ಆ ಕೋಣೆಯಲ್ಲೇ ಕುಣಿದು ತೋರಿಸಿದಳಂತೆ. ಇದನ್ನು ಓದಿದಾಗ ನನಗೆ ಕಾಳಿದಾಸನ ಮಾಲವಿಕಾಗ್ನಿಮಿತ್ರದ ನಾಟ್ಯಾಚಾರ್ಯರ ಕಲಹವು ನೆನಪಾಯಿತು. ಗಣದಾಸ ಹರದತ್ತರಲ್ಲಿ ಯಾರು ಹೆಚ್ಚೆಂಬುದನ್ನು ವಾಗ್ವಾದದಿಂದ ತೀರ್ಮಾನಿಸಲಾಗದೆ, ಕೊನೆಗೆ ಶಿಷ್ಯೆಯ ಪ್ರಯೋಗದಿಂದಲೇ ತೀರ್ಮಾನಿಸಬೇಕಾಗುತ್ತದೆ. ಈ ಪ್ರಕರಣವನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೆನು. ಅದು ನನ್ನನ್ನೇ ಕುರಿತದ್ದೆಂದು ಎಂದೂ ತೋರಿರಲಿಲ್ಲ.

ಧನಸಹಾಯ ದೊರೆಯಿತು. ಮೆಲ್ವಿಲ್ ಹರ್ಸ್ಕೊವಿಟ್ಸ್ ಎಂಬ ಪಂಡಿತರಲ್ಲಿ ಶಿಕ್ಷಣ ಪಡೆದು, 1935ರಲ್ಲಿ, ಇಪ್ಪತ್ತಾರು ವರ್ಷದ ಈ ತರುಣಿ ಕೆರಿಬಿಯನ್ ದ್ವೀಪಗಳಿಗೆ ಹೊರಟಳು. ಜಮೈಕಾದ ಬೆಟ್ಟಗಳ ನಡುವೆ ಆಕಾಂಪಾಂಗ್ ಎಂಬ ಹಳ್ಳಿಯುಂಟು. ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿ, ಇಂಗ್ಲಿಷರೊಡನೆ ಕಾದಾಡಿ, 1739ರಲ್ಲಿ ಅವರಿಂದಲೇ ಸಂಧಿಪತ್ರ ಬರೆಯಿಸಿಕೊಂಡ ಮರೂನ್ ಜನರ ಊರು ಅದು. ಅವರ ಪ್ರಾಚೀನ ಯುದ್ಧನೃತ್ಯವನ್ನು ನೋಡಬೇಕೆಂಬುದು ಆಕೆಯ ಆಸೆ. ಅದನ್ನು ಈಗ ಯಾರೂ ಕುಣಿಯುವುದಿಲ್ಲವೆಂದು ಹಿರಿಯರು ಹೇಳುತ್ತ ಬಂದರು. ಆಕೆ ಅವರ ನಡುವೆ ಒಬ್ಬಳಾಗಿ ಇದ್ದು ಕಾದಳು. ಹೊರಡುವ ದಿನ ಹತ್ತಿರವಾದಾಗ, ಒಂದು ರಾತ್ರಿ ಆ ನೃತ್ಯ ನಡೆಯಿತು. ಆಕೆ ನೋಡುತ್ತ ನಿಲ್ಲಲಿಲ್ಲ, ತಾನೂ ಕುಣಿದಳು. ಈ ವೃತ್ತಾಂತವನ್ನು ಆಕೆ 1946ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು.

ಮಾರ್ಟಿನೀಕ್ ದ್ವೀಪದಲ್ಲಿ ‘ಅಗ್ಯಾ’ ಎಂಬ ಮಲ್ಲಯುದ್ಧದಂಥ ಕುಣಿತವನ್ನು ಕಂಡು ಚಲಚ್ಚಿತ್ರದಲ್ಲಿ ಸೆರೆಹಿಡಿದಳು. ಹೈಟಿಯಲ್ಲಿ ‘ಯಾನ್‌ವಲೂ’ ಎಂಬುದನ್ನು ಕಲಿತಳು: ಮೊಣಕಾಲು ಬಾಗಿ, ಬೆನ್ನು ಮೂಳೆಯುದ್ದಕ್ಕೂ ಅಲೆಯಂತೆ ಚಲನೆ ಹರಿಯುವ, ಸರ್ಪರೂಪಿಯಾದ ದಂಬಾಲಾ ದೇವತೆಗೆ ಸಂಬಂಧಿಸಿದ ನೃತ್ಯವಿದು. ಹೊರಗಿನವಳಾಗಿ ನಿಂತು ಟಿಪ್ಪಣಿ ಬರೆದುಕೊಂಡಿದ್ದರೆ ಸಾಕಾಗಿತ್ತು. ಆಕೆ ಆ ಮತದ ದೀಕ್ಷೆಯನ್ನೇ ಪಡೆದಳು. ತಿರುಗಿ ಬಂದು 1936ರಲ್ಲಿ ಪದವೀಧರೆಯಾದಳು.

ಮುಂದೇನು? ವಿದ್ಯಾಪೀಠವೋ ರಂಗಮಂಟಪವೋ? ಆಕೆ ರಂಗವನ್ನು ಆರಿಸಿಕೊಂಡಳು, ಆದರೆ ವಿದ್ಯೆಯನ್ನು ಬಿಡಲಿಲ್ಲ. ದ್ವೀಪಗಳಲ್ಲಿ ಕಲಿತದ್ದನ್ನೇ ರಂಗಕ್ಕೆ ತಂದಳು. 1938ರ ಜನವರಿಯಲ್ಲಿ ಶಿಕಾಗೋ ನಗರದಲ್ಲಿ ‘ಲಾಗ್ಯಾ’ ಎಂಬ ಆಕೆಯ ನೃತ್ಯನಾಟಕ ನಡೆಯಿತು. ಬೆಸ್ತರ ಹಳ್ಳಿಯೊಂದರ ಹುಡುಗಿ, ಆಕೆಯನ್ನು ಬಯಸುವ ಇಬ್ಬರು ಗಂಡಸರು, ವಶೀಕರಣ, ಉತ್ಸವದ ದಿನದ ಕಾಳಗ, ಸಾವು. ಇದಿಷ್ಟೇ ಕಥೆ, ಹೆಜ್ಜೆಗಳಲ್ಲಿ ಹಲವು ಮಾರ್ಟಿನೀಕಿನವು. 1940ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ‘ಕ್ಯಾಬಿನ್ ಇನ್ ದಿ ಸ್ಕೈ’ ಎಂಬ ಸಂಗೀತನಾಟಕದಲ್ಲಿ ಜಾರ್ಜಿಯಾ ಬ್ರೌನ್ ಎಂಬ ಪಾತ್ರವನ್ನು ಅಭಿನಯಿಸಿ ನಟಿಯೆಂದೂ ಹೆಸರು ಪಡೆದಳು. 1941ರಲ್ಲಿ ಜಾನ್ ಪ್ರ್ಯಾಟ್ ಎಂಬ ಬಿಳಿಯ ವರ್ಣದ ಕಲಾವಿದನನ್ನು ಮದುವೆಯಾದಳು. ಮಂಡಲಿಯ ಉಡುಪುಗಳನ್ನೂ ರಂಗಸಜ್ಜಿಕೆಯನ್ನೂ ಆತನೇ ರೂಪಿಸಿದನು. ಅಮೆರಿಕದ ಅನೇಕ ಪ್ರಾಂತಗಳಲ್ಲಿ ಅಂಥ ವಿವಾಹವು ಆಗ ಕಾನೂನಿಗೇ ವಿರುದ್ಧವಾಗಿದ್ದಿತು.

ಆಕೆಯ ಶಿಕ್ಷಣಪದ್ಧತಿಗೆ ಇಂದಿಗೂ ಆಕೆಯ ಹೆಸರೇ ಇದೆ. ಭುಜ, ಎದೆ, ಸೊಂಟ, ಇವುಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ ಚಲಿಸಲು ಕಲಿಯುವುದು. ಆಮೇಲೆ ಒಂದೊಂದು ಅಂಗಕ್ಕೂ ಒಂದೊಂದು ಲಯವನ್ನಿಟ್ಟು ಒಟ್ಟಿಗೆ ನಡೆಸುವುದು. ಅಂಗ, ಪ್ರತ್ಯಂಗ, ಉಪಾಂಗಗಳೆಂದು ವಿಭಾಗಿಸಿ ಪಾಠ ಹೇಳುವ ನನಗೆ ಇದು ಅಪರಿಚಿತವೆನಿಸಲಿಲ್ಲ. ನ್ಯೂಯಾರ್ಕಿನಲ್ಲಿ ಆಕೆ ಸ್ಥಾಪಿಸಿದ ಶಾಲೆಯಲ್ಲಿ ನೃತ್ಯದೊಡನೆ ನಾಟಕ, ಭಾಷೆಗಳು, ಮಾನವಶಾಸ್ತ್ರ ಎಲ್ಲವೂ ಪಾಠವಾಗುತ್ತಿದ್ದವು. ಮುಂದೆ ಪ್ರಖ್ಯಾತ ನಟನಾದ ಮಾರ್ಲನ್ ಬ್ರ್ಯಾಂಡೊ ಅಲ್ಲಿ ಚರ್ಮವಾದ್ಯ ಕಲಿಯಲು ಬರುತ್ತಿದ್ದನು. ಗಾಯಕಿ ಅರ್ಥಾ ಕಿಟ್ ಆ ಮಂಡಲಿಯಲ್ಲೇ ಬೆಳೆದವಳು. ಸರ್ಕಾರದ ಆಶ್ರಯವಿಲ್ಲದೆ, ಸ್ವಂತ ಸಂಪಾದನೆಯಿಂದಲೇ ಆ ಮಂಡಲಿ 50ಕ್ಕೂ ಹೆಚ್ಚು ದೇಶಗಳಲ್ಲಿ ಸಂಚರಿಸಿತು.

ಇಷ್ಟನ್ನು ಓದುವವರೆಗೆ ನನ್ನಲ್ಲಿದ್ದದ್ದು ಪಂಡಿತನೊಬ್ಬನ ಮೆಚ್ಚುಗೆ ಮಾತ್ರ. ಮುಂದಿನ ಒಂದು ಪ್ರಸಂಗವು ನನ್ನನ್ನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡುವಂತೆ ಮಾಡಿತು.

1944ರ ಅಕ್ಟೋಬರ್ ತಿಂಗಳು. ಕೆಂಟಕಿ ಪ್ರಾಂತದ ಲೂಯಿವಿಲ್ ನಗರದ ದೊಡ್ಡ ಸಭಾಂಗಣ. ಕೆಳಗಿನ ಆಸನಗಳಲ್ಲೆಲ್ಲ ಬಿಳಿಯರು. ಕಪ್ಪುಜನರಿಗೆ ಮೇಲಿನ ಅಂತಸ್ತಿನಲ್ಲಿ ಮಾತ್ರ ಸ್ಥಳ. ನೃತ್ಯ ಮುಗಿಯಿತು, ಚಪ್ಪಾಳೆಯ ಮಳೆ ಸುರಿಯಿತು. ಕ್ಯಾಥರೀನ್ ರಂಗದ ಮುಂದಕ್ಕೆ ಬಂದು ಮಾತನಾಡಿದಳು. ನೀವು ಮೆಚ್ಚಿದ್ದು ಸಂತೋಷ. ಆದರೆ ನನ್ನಂಥವರು ನಿಮ್ಮಂಥವರ ಪಕ್ಕದಲ್ಲಿ ಕುಳಿತುಕೊಳ್ಳಲು ಇಲ್ಲಿ ಅವಕಾಶವಿಲ್ಲದಿರುವುದರಿಂದ, ಅದು ಆಗುವವರೆಗೆ ನಾನು ಇಲ್ಲಿಗೆ ಬರುವುದಿಲ್ಲ ಎಂಬುದು ಆ ಮಾತಿನ ಸಾರಾಂಶ. ಯಾರು ಎಲ್ಲಿ ಕುಳಿತಿದ್ದಾರೆಂಬುದನ್ನು ಆಕೆ ಕುಣಿಯುತ್ತಲೇ ಕಂಡಿದ್ದಳು.

ನನಗೆ ನೆನಪಾದದ್ದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಸಂಜೆ. ನಾನು ಕೆಲಸಮಾಡುತ್ತಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರ ಸಮೂಹನೃತ್ಯವೊಂದು ಸಿದ್ಧವಾಗುತ್ತಿತ್ತು, ಮೇಲ್ವಿಚಾರಣೆ ನನ್ನದು. ಹನ್ನೆರಡು ಮಕ್ಕಳು. ಮುಂದಿನ ಸಾಲಿನ ನಡುವೆ ಒಬ್ಬ ಹುಡುಗಿ; ಮಿಕ್ಕವರೆಲ್ಲ ಆಕೆಯನ್ನು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದರು, ಅಷ್ಟು ಚೆನ್ನಾಗಿ ಕುಣಿಯುತ್ತಿದ್ದಳು. ಬಣ್ಣ ಬಹಳ ಕಪ್ಪು. ಅಭ್ಯಾಸವನ್ನು ನೋಡಲು ಬಂದಿದ್ದ ಗಣ್ಯರೊಬ್ಬರು ನನ್ನ ಕಿವಿಯ ಬಳಿ, “ಮುಂದೆ ಸ್ವಲ್ಪ ಲಕ್ಷಣವಾದ ಮಕ್ಕಳನ್ನು ನಿಲ್ಲಿಸಿ ಮೇಷ್ಟ್ರೇ, ಫೋಟೋ ತೆಗೆಯುತ್ತಾರೆ” ಎಂದರು. ಲಕ್ಷಣವೆಂದರೆ ಯಾವುದೆಂದು ನಾನು ಕೇಳಲಿಲ್ಲ, ನನಗೆ ತಿಳಿದಿತ್ತು. ಮರುದಿನ ಆಕೆಯನ್ನು ಹಿಂದಿನ ಸಾಲಿನ ಕೊನೆಗೆ ಕಳುಹಿಸಿದೆನು. ಏಕೆಂದು ಕೇಳಿದಳು. “ನೀನು ಎತ್ತರವಾಗಿದ್ದೀಯೆ, ಹಿಂದಿನವರಿಗೆ ಮರೆಯಾಗುತ್ತದೆ” ಎಂದೆನು. ಸರ್ವಸಮತ್ವದ ಶ್ಲೋಕಗಳನ್ನು ಅದೇ ವಾರ ತರಗತಿಯಲ್ಲಿ ವ್ಯಾಖ್ಯಾನಿಸಿದ್ದವನು ನಾನೇ. ಮರುವರ್ಷ ಆಕೆ ನೃತ್ಯಕ್ಕೆ ಹೆಸರು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಶಾಸ್ತ್ರ, ಪ್ರಯೋಗ ಎರಡೇ ಎಂದು ನಾನು ತಿಳಿದಿದ್ದೆನು. ಮೂರನೆಯದೊಂದು ಉಂಟು, ಅದು ಆಚರಣೆ. ಡನ್‌ಹ್ಯಾಮಳ ಬಾಳಿನ ಉಳಿದರ್ಧವೆಲ್ಲ ಅದೇ.

1950ರಲ್ಲಿ ಬ್ರೆಜಿಲ್ ದೇಶದ ಸಾವ್ ಪೌಲೋ ನಗರದ ಹೋಟೆಲೊಂದು ಆಕೆಯ ಬಣ್ಣದ ಕಾರಣ ಕೋಣೆ ಕೊಡಲಿಲ್ಲ. ಆಕೆ ಅವಮಾನವನ್ನು ನುಂಗಿಕೊಂಡು ಬೇರೆ ಹೋಟೆಲು ಹುಡುಕಬಹುದಾಗಿತ್ತು, ಬಹಿರಂಗವಾಗಿ ದೂರಿದಳು. ಅದರಿಂದೆದ್ದ ಕೋಲಾಹಲವು, 1951ರಲ್ಲಿ ಆ ದೇಶವು ವರ್ಣಭೇದವನ್ನು ದಂಡನೀಯವಾಗಿಸಿ ಮಾಡಿದ ಶಾಸನಕ್ಕೆ ಒಂದು ಮುಖ್ಯ ಕಾರಣವಾಯಿತು. ಅದೇ 1951ರಲ್ಲಿ ಚಿಲಿ ದೇಶದ ಸಾಂಟಿಯಾಗೋ ನಗರದಲ್ಲಿ ‘ಸೌತ್‌ಲ್ಯಾಂಡ್’ ಎಂಬ ನೃತ್ಯನಾಟಕವನ್ನು ಪ್ರದರ್ಶಿಸಿದಳು. ಬಿಳಿಯ ಸ್ತ್ರೀಯೊಬ್ಬಳು ಹೊರಿಸಿದ ಸುಳ್ಳು ಅಪವಾದವನ್ನು ನಂಬಿ ಜನರ ಗುಂಪು ಕಪ್ಪುವರ್ಣದ ಕೂಲಿಯೊಬ್ಬನನ್ನು ವಿಚಾರಣೆಯಿಲ್ಲದೆ ನೇಣುಹಾಕುವ ಕಥೆ. ಪರದೇಶದಲ್ಲಿ ಸ್ವದೇಶದ ಕಳಂಕವನ್ನು ತೋರಿಸಿದಳೆಂದು ಅಮೆರಿಕದ ಅಧಿಕಾರಿಗಳು ಮುನಿದರು. ಮುಂದೆ ಆ ಸರ್ಕಾರವು ಎಷ್ಟೋ ಕಲಾವಿದರನ್ನು ತನ್ನ ಖರ್ಚಿನಲ್ಲಿ ಹೊರದೇಶಗಳಿಗೆ ಕಳುಹಿಸಿತು. ಈಕೆಯ ಮಂಡಲಿಗೆ ಆ ಭಾಗ್ಯ ಬರಲಿಲ್ಲ.

1963ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದ ‘ಐಡಾ’ ನಾಟಕಕ್ಕೆ ನೃತ್ಯ ಸಂಯೋಜಿಸಿದ ಆಕೆ, ಇನ್ನು ಸುಖವಾಗಿ ವಿಶ್ರಮಿಸಬಹುದಾಗಿತ್ತು. ಆದರೆ 1967ರಲ್ಲಿ ಈಸ್ಟ್ ಸೇಂಟ್ ಲೂಯಿ ಎಂಬ ಬಡತನದಿಂದಲೂ ಗಲಭೆಯಿಂದಲೂ ಜರ್ಜರಿತವಾಗಿದ್ದ ಊರಿನಲ್ಲಿ ಕಲಾಶಿಕ್ಷಣದ ಕೇಂದ್ರವೊಂದನ್ನು ತೆರೆದು, ಬೀದಿಯ ಹುಡುಗರನ್ನು ಕರೆದು ಚರ್ಮವಾದ್ಯವನ್ನೂ ನೃತ್ಯವನ್ನೂ ಕಲಿಸತೊಡಗಿದಳು. 1983ರಲ್ಲಿ ಕೆನೆಡಿ ಕೇಂದ್ರದ ಗೌರವ, 1989ರಲ್ಲಿ ರಾಷ್ಟ್ರೀಯ ಕಲಾಪದಕ ದೊರೆತವು.

1992ರಲ್ಲಿ, ಹೈಟಿಯ ಸೇನೆಯ ದಬ್ಬಾಳಿಕೆಗೆ ಹೆದರಿ ದೋಣಿಗಳಲ್ಲಿ ಓಡಿಬರುತ್ತಿದ್ದ ನಿರಾಶ್ರಿತರನ್ನು ಅಮೆರಿಕವು ಹಿಂದಕ್ಕಟ್ಟುತ್ತಿದ್ದಾಗ, 82 ವರ್ಷದ ಈ ವೃದ್ಧೆ ಅದನ್ನು ಪ್ರತಿಭಟಿಸಿ 47 ದಿನ ಉಪವಾಸ ಮಾಡಿದಳು. ಹೈಟಿಯ ಪದಚ್ಯುತ ಅಧ್ಯಕ್ಷ ಆರಿಸ್ಟೀಡನೇ ಬಂದು ಬೇಡಿಕೊಂಡ ಮೇಲೆ ಉಪವಾಸ ಬಿಟ್ಟಳು. ಆಕೆ ಆ ದ್ವೀಪಕ್ಕೆ ಮೊದಲು ಹೋಗಿ ಐವತ್ತಾರು ವರ್ಷಗಳಾಗಿದ್ದವು. ಕುಣಿಯುತ್ತಿದ್ದ ಮೊಣಕಾಲುಗಳು ಸಂಧಿವಾತದಿಂದ ಸೋತಿದ್ದವು. ಆ ಜನರ ಋಣವನ್ನು ಮಾತ್ರ ಆಕೆ ಮರೆತಿರಲಿಲ್ಲ. 2006ರ ಮೇ 21ರಂದು ನ್ಯೂಯಾರ್ಕಿನಲ್ಲಿ, ತನ್ನ 96ನೆಯ ವಯಸ್ಸಿನಲ್ಲಿ, ಆಕೆ ದೇಹಬಿಟ್ಟಳು.

ನನ್ನ ಆ ಹಳೆಯ ಶಿಷ್ಯೆಯನ್ನು ಪಕ್ಕದ ತಾಲ್ಲೂಕಿನ ಊರಿಗೆ ಕೊಟ್ಟಿರುವರೆಂದು ವಿಚಾರಿಸಿ ತಿಳಿದುಕೊಂಡೆನು. ಕಳೆದ ತಿಂಗಳು ಬಸ್ಸು ಹತ್ತಿ ಹೋದೆನು. ಗುರುತು ಹಿಡಿದು, ನಮಸ್ಕಾರ ಮಾಡಿ, ಕುರ್ಚಿ ಹಾಕಿ ಕಾಫಿ ಕೊಟ್ಟಳು. ಯೋಗಕ್ಷೇಮದ ಮಾತುಗಳಾದವು. ನಾನು ತಡವರಿಸುತ್ತ ಆ ವಾರ್ಷಿಕೋತ್ಸವದ ಪ್ರಸ್ತಾಪವೆತ್ತಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ನಕ್ಕು ಹೇಳಿದಳು:

“ನಾನು ಎತ್ತರವಾಗಿರಲಿಲ್ಲ ಮೇಷ್ಟ್ರೇ. ಆ ದಿನ ಮನೆಗೆ ಹೋಗಿ ಗೋಡೆಗೆ ಒರಗಿ ನಿಂತು ಅಳತೆ ಮಾಡಿಕೊಂಡೆ.”

ಬಸ್ಸಿನಲ್ಲಿ ಕುಳಿತು ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. “ತಪ್ಪಾಯಿತಮ್ಮ” ಎಂದಷ್ಟೇ ಹೇಳಿದೆನು.