ತಾಲೀಮು ಇದ್ದ ಕಾಲ

ಕೋಲಾರದ ಕಡೆ ಆಟಪಾಟ ನಿಂತೇಹೋಯಿತು ಎಂದು ಹಳಹಳಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಾತ್ರೆ, ಕರಗ, ಹೂವಿನ ಪಲ್ಲಕ್ಕಿ, ಗಣೇಶ, ರಾಜ್ಯೋತ್ಸವ ಎಂದು ಈಗ ವೇದಿಕೆಗಳು ಮೊದಲಿಗಿಂತ ಜಾಸ್ತಿಯೇ ಇವೆ. ನಿಂತುಹೋದದ್ದು ತಾಲೀಮು.

ರಾಗಿ ಕಣದಿಂದ ಮನೆ ಸೇರಿದ ಮೇಲೆ ಶ್ರೀನಿವಾಸಪುರದ ಕಡೆಯ ನಮ್ಮ ಊರಿಗೆ ಕೇಳಿಕೆ ಮೇಷ್ಟ್ರು ಬರುತ್ತಿದ್ದರು. ಮೂಡಲಪಾಯದ ಬಯಲಾಟಕ್ಕೆ ನಮ್ಮಲ್ಲಿ ಕೇಳಿಕೆ ಎನ್ನುತ್ತಾರೆ. ಮೇಷ್ಟ್ರಿಗೆ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಊಟ, ಕೈಗೆ ಒಂದಿಷ್ಟು ದುಡ್ಡು, ಹೋಗುವಾಗ ಒಂದಿಷ್ಟು ರಾಗಿ. ರಾತ್ರಿ ಮುದ್ದೆ ಉಂಡವರೆಲ್ಲ ಭಜನೆ ಮನೆಗೆ ಬರುವರು. ಪದ್ಯಗಳು ತೆಲುಗು, ನೋಟುಬುಕ್ಕಿನಲ್ಲಿ ಬರೆದುಕೊಂಡದ್ದು ಕನ್ನಡ ಅಕ್ಷರದಲ್ಲಿ. ಓದು ಬಾರದವರಿಗೆ ಮೇಷ್ಟ್ರು ಒಂದೊಂದೇ ಸಾಲು ಹೇಳಿಕೊಟ್ಟು ಬಾಯಿಪಾಠ ಮಾಡಿಸುವರು. ಹಗಲೆಲ್ಲ ಗುದ್ದಲಿ ಹಿಡಿದವರ ಕಾಲುಗಳಿಗೆ ಹೆಜ್ಜೆ ಕೂರಲು ತಿಂಗಳುಗಳೇ ಹಿಡಿಯುತ್ತಿದ್ದವು. ಗೋಡೆಗೆ ಒರಗಿ ತೂಕಡಿಸುತ್ತಿದ್ದ ಹುಡುಗರಾದ ನಮಗೂ ಅಷ್ಟರಲ್ಲಿ ಇಡೀ ಪ್ರಸಂಗ ಬರುತ್ತಿತ್ತು. ಆಟದ ರಾತ್ರಿ ಅರ್ಜುನ ಪದ್ಯ ಮರೆತರೆ ಜನರ ನಡುವಿನಿಂದಲೇ ಯಾರೋ ಮುಂದಿನ ಸಾಲು ಎತ್ತಿಕೊಡುತ್ತಿದ್ದರು. ಪಾತ್ರಧಾರಿಗಳ ಜೊತೆ ನೋಡುವವರೂ ತಯಾರಾಗುತ್ತಿದ್ದುದು ಅಲ್ಲಿಯೇ.

ಹಾಗೆಂದು ಆ ಕಾಲವನ್ನು ಇಡಿಯಾಗಿ ವಾಪಸು ತನ್ನಿ ಎಂದು ನಾನು ಕೇಳುವವನಲ್ಲ. ತಮಟೆಯವರು ಕೇರಿಯಿಂದ ಬಂದು ಆಟ ಸಾರಬೇಕಿತ್ತು, ದೇವರ ಮುಂದೆ ಬಡಿಯಬೇಕಿತ್ತು. ಪಾತ್ರ ಮಾತ್ರ ಅವರಿಗಿಲ್ಲ, ಕೂರುವ ಜಾಗವೂ ಬೇರೆ. ಹೆಣ್ಣು ವೇಷವೂ ಗಂಡಸರದೇ. ಹಾರ್ಮೋನಿಯಂ ಮೇಷ್ಟ್ರು ಕಲಿಸುತ್ತಿದ್ದ ಪೌರಾಣಿಕ ನಾಟಕಗಳಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕಿತ್ತು. ಕುರುಕ್ಷೇತ್ರದ ಕೃಷ್ಣ, ದುರ್ಯೋಧನ ಉಳ್ಳವರ ಪಾಲಾಗುತ್ತಿದ್ದವು, ಕಂಠ ಇದ್ದವನು ದ್ವಾರಪಾಲಕನಾಗಿ ನಿಲ್ಲುತ್ತಿದ್ದ.

ಆ ಕಟ್ಟು ಒಡೆದದ್ದು ದಲಿತ ಸಂಘರ್ಷ ಸಮಿತಿಯ ಹಾಡುಗಳು, 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದ ಬೀದಿನಾಟಕಗಳು ಬಂದಮೇಲೆ. ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ಆಟ ಸಾರಲು ಬಳಸುತ್ತಿದ್ದ ತಮಟೆ ಜನರನ್ನು ಸೇರಿಸುವ ವಾದ್ಯವಾಯಿತು. ಮುಂದೆ ರಾಮಯ್ಯ ಮತ್ತು ಗೆಳೆಯರು ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ತಿಂಗಳು ತಿಂಗಳೂ ಜನ ಬೆಟ್ಟ ಹತ್ತಿದರು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಮ್ಮ ಹಿರಿಯರ ಕಾಲದಲ್ಲಿ ಇದನ್ನು ಯಾರೂ ಊಹಿಸಿರಲಾರರು. ಈ ಸೀಮೆಯಲ್ಲಿ ಆಗಿರುವ ದೊಡ್ಡ ಒಳ್ಳೆಯದು ಇದು.

ತಾಲೀಮು ಯಾಕೆ ಹೋಯಿತು? 1987ರಲ್ಲಿ ದೂರದರ್ಶನಕ್ಕೆ ರಾಮಾಯಣ ಬಂತು, ಅದೇ ಕಾರಣ ಎನ್ನುತ್ತಾರೆ. ರಾತ್ರಿ ಹತ್ತರ ಮೇಲೆ ಮೈಕು ಕೂಡದೆಂಬ 2000ದ ನಿಯಮವನ್ನೂ ದೂರುತ್ತಾರೆ. ಮೈಕಿಲ್ಲದೆ ಬೆಳಗಿನ ಜಾವದವರೆಗೆ ಹಾಡಿದ ಗಂಟಲುಗಳನ್ನು ಕೇಳಿದ ನನಗೆ ಇದು ಪೂರ್ತಿ ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಬದಲಾದದ್ದು ದುಡಿಮೆ. ರಾಗಿಯ ಜಾಗಕ್ಕೆ ಬೋರ್‌ವೆಲ್ಲಿನ ಟೊಮೆಟೊ ಬಂತು, ಅದಕ್ಕೆ ಸುಗ್ಗಿ ಮುಗಿಯಿತು ಎಂಬುದೇ ಇಲ್ಲ. ಮಾಲೂರು, ಟೇಕಲ್ಲಿನವರು ನಸುಕಿಗೇ ಬೆಂಗಳೂರಿನ ರೈಲು ಹತ್ತಬೇಕು. ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗರಲ್ಲಿ ಭೀಮನಿಗೆ ಹಗಲು ಪಾಳಿ, ದುಶ್ಯಾಸನನಿಗೆ ರಾತ್ರಿ ಪಾಳಿ. ಇಬ್ಬರೂ ಒಂದೇ ರಾತ್ರಿ ಊರಲ್ಲಿರುವುದು ಕಷ್ಟ.

ಹಾಗಾಗಿ ಚಂದಾ ಎತ್ತಿ ಬೆಂಗಳೂರಿನಿಂದ ಆರ್ಕೆಸ್ಟ್ರಾ ಕರೆಸುತ್ತಾರೆ. ಎಲ್‌ಇಡಿ ಪರದೆ, ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್. ಮುಳಬಾಗಿಲಿನ ಕಡೆಯಾದರೆ ಎರಡನೆಯ ಹಾಡಿಗೇ ತೆಲುಗು ಹಾಡಿ ಎಂಬ ಕೂಗು. ಹಾಡುವವರನ್ನು ನಾನು ಹಳಿಯುವುದಿಲ್ಲ. ಒಂದೇ ರಾತ್ರಿ ಎರಡು ಊರಿನಲ್ಲಿ ಹಾಡಿ ಹೊಟ್ಟೆ ಹೊರೆಯುವ ಮಕ್ಕಳು ಅವರು, ಶ್ರುತಿ ತಪ್ಪದೆ ಹಾಡುತ್ತಾರೆ. ಆದರೆ ವ್ಯಾನು ಊರು ದಾಟಿದ ಮೇಲೆ ಯಾರ ಬಾಯಲ್ಲೂ ಹೊಸದಾಗಿ ಒಂದು ಪದ್ಯ ಉಳಿದಿರುವುದಿಲ್ಲ.

ಜಾತ್ರೆ ಸಮಿತಿಯವರಿಗೆ ನಾನು ಹೇಳುತ್ತಿರುವುದು ಇಷ್ಟು: ಆರ್ಕೆಸ್ಟ್ರಾ ಇರಲಿ, ಅದರ ಖರ್ಚಿನಲ್ಲಿ ಒಂದು ಪಾಲು ತೆಗೆದು ಮೂರು ತಿಂಗಳ ಮಟ್ಟಿಗೆ ಒಬ್ಬ ಮೇಷ್ಟ್ರನ್ನು ಕರೆಸಿ. ಭಾನುವಾರವೊಂದೇ ಸಿಕ್ಕಿದರೂ ಸಾಕು. ಈ ಸಲ ಕೇರಿಯ ಹುಡುಗರೂ ಹೆಣ್ಣುಮಕ್ಕಳೂ ಮುಂದೆ ಕೂರಲಿ, ಪಾತ್ರ ಕಂಠ ನೋಡಿ ಹಂಚಲಿ. ಹೆಜ್ಜೆ ಗೊತ್ತಿರುವ ಮೇಷ್ಟ್ರುಗಳಿಗೆ ಈಗಾಗಲೇ ವಯಸ್ಸಾಗಿದೆ, ಮುಂದಿನ ಜಾತ್ರೆವರೆಗೆ ನೋಡೋಣ ಎನ್ನುವುದಕ್ಕೆ ಸಮಯವಿಲ್ಲ.