ಪರರ ಮನೆಯ ಕಿಟಕಿ

ಬೇರೆಯವರ ಮನೆಯ ಕಿಟಕಿಯನ್ನು ತಂದು ನಮ್ಮ ಗೋಡೆಗೆ ಕೂರಿಸಬಹುದೆ? ಬಡಗಿಯನ್ನು ಕೇಳಿದರೆ ನಕ್ಕಾನು. ಕಂಪ್ಯೂಟರಿನ ಲೋಕದಲ್ಲಾದರೋ ಇದು ಬಹುಕಾಲದಿಂದ ನಡೆದುಬಂದ ಉದ್ಯೋಗ. ವಿಂಡೋಸ್ ಎಂದರೆ ಕಿಟಕಿಗಳು ತಾನೆ! ವಿಂಡೋಸಿಗೆಂದೇ ಹುಟ್ಟಿದ ಬ್ರೌಸರನ್ನು ಲಿನಕ್ಸಿನಲ್ಲಿ ಓಡಿಸುವ ಪರಿಯನ್ನು ವಾಚಕರಲ್ಲಿ ನಿವೇದಿಸಬೇಕೆಂದಿದ್ದೇನೆ. ಇತಿಹಾಸ ಓದುವವನಿಗೆ ಈ ಉಸಾಬರಿ ಏಕೆಂದರೆ, ಉತ್ತರ ಒಂದೇ: ಅಗತ್ಯ.

ನನ್ನದು ಮತ್ತೊಬ್ಬರು ಬಳಸಿ ಬಿಟ್ಟ ಲ್ಯಾಪ್‌ಟಾಪು. ಅದರ ಮೆಮೊರಿ 4 ಜಿ.ಬಿ. ಅದರಲ್ಲಿರುವುದು ಲಿನಕ್ಸ್. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲವೆಂಬುದೇ ಮೊದಲ ಕಾರಣ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಆರಂಭಿಸಿದಾಗ ಅವನಿಗೆ ಇಪ್ಪತ್ತೊಂದು ವರ್ಷ. ಹೆಚ್ಚುಕಡಿಮೆ ನಮ್ಮ ವಯಸ್ಸಿನವನೇ.

ಎರಡನೆಯ ವರ್ಷದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಯಿತು. ಆ ಪುಟ 'ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯಿರಿ' ಎಂದಿತು. ಆ ಬ್ರೌಸರು 1995ರಲ್ಲಿ ಹುಟ್ಟಿ 2022ರ ಜೂನ್ 15ರಂದು ನಿವೃತ್ತಿ ಹೊಂದಿತ್ತು. ನಿವೃತ್ತರಾದ ಅಮಲ್ದಾರರ ರುಜುವನ್ನೇ ತನ್ನಿರೆಂದಂತಾಯಿತು! ಇತ್ತ ಮೈಕ್ರೋಸಾಫ್ಟಿನ ಹೊಸ ಬ್ರೌಸರಾದ ಎಡ್ಜ್ 2021ರಲ್ಲಿ ಲಿನಕ್ಸಿಗೂ ಬಂದಿತ್ತು. ಆದರೆ ಹಳೆಯ ಎಕ್ಸ್‌ಪ್ಲೋರರಿನಂತೆ ವರ್ತಿಸುವ ಅದರ ಗುಣ ವಿಂಡೋಸಿನಲ್ಲೇ ಉಳಿದಿತ್ತು.

ಉಪಾಯಗಳು ಎರಡುಂಟು. ಮೊದಲನೆಯದರ ಹೆಸರು ವೈನ್, ಪ್ರಿನ್ಸಿಪಾಲರು ಗಾಬರಿಪಡಬೇಕಾಗಿಲ್ಲ. 'ವೈನ್ ಇಸ್ ನಾಟ್ ಆನ್ ಎಮ್ಯುಲೇಟರ್', ಅಂದರೆ ಇದು ನಕಲು ಯಂತ್ರವಲ್ಲ ಎಂಬುದೇ ಆ ಹೆಸರಿನ ವಿಸ್ತಾರ. 1993ರಲ್ಲಿ ಆರಂಭವಾದ ಇದರ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷಗಳ ತಪಸ್ಸು! ಬ್ರೌಸರು 'ಈ ಕಡತ ತೆರೆ', 'ಇಲ್ಲಿ ಚೌಕ ಬರೆ' ಎಂದು ವಿಂಡೋಸಿನ ಭಾಷೆಯಲ್ಲಿ ಕೇಳುತ್ತದೆ. ವೈನ್ ಆ ಮಾತನ್ನು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ ಕೆಲಸ ಮಾಡಿಸುತ್ತದೆ.

ಈ ಕಸುಬು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಛೇರಿಯಲ್ಲಿ ಅಪ್ಪ ಮೆಲ್ಲಗೆ 'ಕಾಗ್ದ ಎಲ್ಲಿಗ್ ಬಂತು ಕೇಳ್ಲಾ' ಎಂದರೆ, ನಾನು ಗುಮಾಸ್ತರತ್ತ ತಿರುಗಿ 'ಸ್ವಾಮಿ, ನಮ್ಮ ಅರ್ಜಿಯ ಮೇಲೆ ಏನು ಕ್ರಮ ಜರುಗಿದೆ?' ಎನ್ನುತ್ತೇನೆ. ದುಭಾಷಿಯ ಸಂಕಟವೂ ನನಗೆ ಗೊತ್ತು: ತಿಳಿಯದ ಪದವೊಂದು ಬಂದರೆ ಅಲ್ಲಿಗೆ ಎಲ್ಲವೂ ನಿಂತಿತು. ವೈನಿನಲ್ಲೂ ಹಾಗೆಯೇ ಆಯಿತು. ಅರ್ಜಿಯ ಅಕ್ಷರ ಮೂಡಿತು, ಕೋಷ್ಟಕ ಮೂಡಿತು; 'ಸಲ್ಲಿಸು' ಎಂಬ ಗುಂಡಿ ಮಾತ್ರ ಕಲ್ಲಾಗಿ ಕುಳಿತಿತು.

ಎರಡನೆಯ ಉಪಾಯಕ್ಕೆ ದುಭಾಷಿ ಬೇಡ. ವರ್ಚುವಲ್‌ಬಾಕ್ಸಿನಂಥ ತಂತ್ರಾಂಶವು ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು ಕಟ್ಟುತ್ತದೆ. ಅದರಲ್ಲಿ ವಿಂಡೋಸನ್ನೇ ಬಿಡಾರ ಹೂಡಿಸಬೇಕು. ಆದರೆ ಈ ಅತಿಥಿಗೆ ಬೇರೆ ಪರವಾನಗಿ ಬೇಕು, ಮೆಮೊರಿಯಲ್ಲಿ ಪಾಲು ಬೇಕು. ನನ್ನ 4 ಜಿ.ಬಿ.ಯಲ್ಲಿ 2 ಅವನಿಗೆ ಕೊಟ್ಟರೆ ಆತಿಥೇಯನೂ ಅತಿಥಿಯೂ ಕೂಡಿಯೇ ಏದುಸಿರು ಬಿಡಬೇಕು. ಕೊನೆಗೆ, 16 ಜಿ.ಬಿ.ಯ ಶ್ರೀಮಂತನಾದ ಗೆಳೆಯನ ಲಿನಕ್ಸಿನೊಳಗೆ ಬಿಡಾರ ಹೂಡಿದ್ದ ವಿಂಡೋಸಿನಲ್ಲಿ ಎಡ್ಜ್ ಹಳೆಯ ವೇಷ ತೊಟ್ಟು ನಿಂತಿತು. ಗುಂಡಿ ಒತ್ತಿದೆ, ಅರ್ಜಿ ಹೋಯಿತು. ಗೆಳೆಯನಿಲ್ಲದವನ ಅರ್ಜಿ?

ಜಾಣರು ಇಂಥ ಉಪಾಯಗಳನ್ನು ಕಂಡುಹಿಡಿದದ್ದು ಮೆಚ್ಚತಕ್ಕದ್ದೇ. ಆದರೂ, ಒಳಗೆ ಬರುವವನೇ ಸದಾ ವೇಷ ಬದಲಿಸಬೇಕೆ ಎಂಬ ಪ್ರಶ್ನೆ ಉಳಿದೇ ಇದೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ವೆಬ್ಬನ್ನು ಯೋಚಿಸಿದ್ದೇ, ಬಗೆಬಗೆಯ ಕಂಪ್ಯೂಟರುಗಳಿದ್ದವರು ಒಂದೇ ಬರಹವನ್ನು ಓದಲೆಂದು. ಎಲ್ಲರಿಗೂ ಒಪ್ಪಿಗೆಯಾದ ನಿಯಮಗಳಂತೆ ಪುಟ ಬರೆದರೆ ಯಾವ ಬ್ರೌಸರಾದರೂ ತೆರೆದೀತು. ಆಗ ದುಭಾಷಿಯೂ ಬೇಡ, ಬಿಡಾರವೂ ಬೇಡ.

ಮಿತ್ರರೇ, ನಮ್ಮಲ್ಲಿ ಕೆಲವರಾದರೂ ಪರೀಕ್ಷೆಗಳನ್ನು ಬರೆದು ನಾಳೆ ಮೇಜಿನ ಆ ಬದಿಯಲ್ಲಿ ಕೂರುವವರು. ಅಂದು ಬಾಗಿಲಿಗೆ ಬಂದವರು ತಮ್ಮಲ್ಲಿರುವ ಯಂತ್ರವನ್ನೇ ಹಿಡಿದು, ತಮಗೆ ಬರುವ ಮಾತನ್ನೇ ಆಡಿದರೂ ಕೆಲಸವಾಗುವಂತೆ ನಾವು ನೋಡಿಕೊಳ್ಳಬೇಕು.